ಡಿಸ್ಚಾರ್ಜ್ ಕಾರ್ಡ್ ಹಿಡಿದು ನಿಂತವರಿಗೆ

ಲಕ್ವ ಹೊಡೆದವರನ್ನು, ಮರದಿಂದ ಬಿದ್ದು ಬೆನ್ನುಹುರಿಗೆ ಏಟಾದವರನ್ನು, ತಲೆಗೆ ಪೆಟ್ಟು ಬಿದ್ದವರನ್ನು, ಕಾಲು ಕಳೆದುಕೊಂಡವರನ್ನು ಇವತ್ತೋ ನಾಳೆಯೋ ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯಲಿರುವ ಎಲ್ಲ ಮನೆಯವರಿಗೆ,



ನೀವು ಈಗ ಎಲ್ಲಿ ನಿಂತಿದ್ದೀರಿ ಎನ್ನುವುದು ನನಗೆ ಗೊತ್ತು. ಒಂದು ಕೈಯಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಕವರು, ಇನ್ನೊಂದರಲ್ಲಿ ಮಾತ್ರೆಗಳ ಚೀಲ. ಹೊರಗೆ ಆಂಬುಲೆನ್ಸಿನವನು ಅವಸರ ಮಾಡುತ್ತಿದ್ದಾನೆ. ಊರಿನಿಂದ ಫೋನು ಬರುತ್ತಲೇ ಇದೆ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಒಂದು ಮಾತು ಹೇಳಿ ಮುಂದಿನ ಮಂಚಕ್ಕೆ ಹೋಗಿದ್ದಾರೆ: "ಆಪರೇಷನ್ ಚೆನ್ನಾಗಿ ಆಗಿದೆ. ನಮ್ಮ ಕಡೆಯಿಂದ ಇನ್ನೇನೂ ಇಲ್ಲ. ಮನೆಯಲ್ಲಿ ಫಿಸಿಯೋಥೆರಪಿ ಮಾಡಿಸಿ."

ನಮಗೂ ಇದೇ ಮಾತು ಹೇಳಿದ್ದರು. ಅದನ್ನು ನಂಬಿ ನಾವು ಏಳು ತಿಂಗಳು ಕಳೆದುಕೊಂಡೆವು. ನೀವು ಕಳೆದುಕೊಳ್ಳಬಾರದು ಎಂದು ಈ ಪತ್ರ.

ನನ್ನ ಅಣ್ಣ ಅಡಿಕೆ ಮರದಿಂದ ಬಿದ್ದದ್ದು ಕೊಳೆಮದ್ದು ಹೊಡೆಯುವ ದಿನಗಳಲ್ಲಿ. ಮಳೆಗಾಲದ ಮರ ಹೇಗೆ ಜಾರುತ್ತದೆ ಎಂದು ಮಲೆನಾಡಿನವರಿಗೂ ಕರಾವಳಿಯವರಿಗೂ ಹೇಳಬೇಕಿಲ್ಲ. ಸೊಂಟದ ಮೇಲಿನ ಎಲುಬು ಮುರಿದು ಬೆನ್ನುಹುರಿ ಜಜ್ಜಿತ್ತು. ಸರ್ಜನ್ನರು ರಾಡು, ಸ್ಕ್ರೂ ಹಾಕಿ ಬೆನ್ನನ್ನು ನಿಲ್ಲಿಸಿದರು. ಆ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಹದಿನಾರನೆಯ ದಿನ, ಮೂತ್ರದ ನಳಿಕೆ ಹಾಕಿದ್ದ ಹಾಗೆಯೇ, ಸೊಂಟದ ಕೆಳಗೆ ಸ್ಪರ್ಶವಿಲ್ಲದ ಅಣ್ಣನನ್ನು ಮನೆಗೆ ತಂದು ಜಗಲಿಯ ಪಕ್ಕದ ಕೋಣೆಯಲ್ಲಿ ಮಲಗಿಸಿದೆವು.

ಆಮೇಲಿನ ಏಳು ತಿಂಗಳಲ್ಲಿ ನಾವು ಪ್ರೀತಿಗೆ ಕಡಿಮೆ ಮಾಡಲಿಲ್ಲ. ಎಣ್ಣೆ ತಿಕ್ಕಿದೆವು. ವಾರಕ್ಕೆ ಎರಡು ಸಲ ಪೇಟೆಯಿಂದ ಫಿಸಿಯೋಥೆರಪಿಯ ಹುಡುಗ ಬಂದು ಕಾಲು ಎತ್ತಿ ಇಳಿಸಿ ಹೋಗುತ್ತಿದ್ದ. ಯಾರೋ ಹೇಳಿದರೆಂದು ನಾಟಿ ಔಷಧಿ, ಯಾರೋ ಹೇಳಿದರೆಂದು ಹರಕೆ. ಇಷ್ಟರ ನಡುವೆ ಬಾಲದ ಎಲುಬಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪಾದದ್ದು ಅಂಗೈಯಷ್ಟು ಹುಣ್ಣಾಯಿತು. ನೋವೇ ಗೊತ್ತಾಗದವನು ಹೇಳುವುದಾದರೂ ಹೇಗೆ? ನಳಿಕೆಯ ದೆಸೆಯಿಂದ ತಿಂಗಳಿಗೊಮ್ಮೆ ಚಳಿಜ್ವರ. ಪಾದಗಳು ಕೆಳಕ್ಕೆ ಬಾಗಿ, ಕಟ್ಟಿಗೆಯ ಹಾಗೆ ಗಟ್ಟಿಯಾದವು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ಕಲಿತ.

ಹುಣ್ಣಿಗೆ ಒಬ್ಬ ಡಾಕ್ಟರು, ಮೂತ್ರಕ್ಕೆ ಇನ್ನೊಬ್ಬರು, ಬೆನ್ನಿಗೆ ಮತ್ತೊಬ್ಬರು. ಎಲ್ಲರೂ ಒಳ್ಳೆಯವರೇ. ಆದರೆ ಅಣ್ಣ ಎಂಬ ಇಡೀ ಮನುಷ್ಯನನ್ನು ನೋಡುವ ಕೆಲಸ ಯಾರದೂ ಆಗಿರಲಿಲ್ಲ.

ಕೊನೆಗೆ ನೆಂಟರ ಮನೆಯ ಮದುವೆಯಲ್ಲಿ ಸಿಕ್ಕ ಒಬ್ಬ ನರ್ಸಮ್ಮ ನನ್ನನ್ನು ಕೇಳಿದರು: "ಪಿಎಂಆರ್ ಡಾಕ್ಟರಿಗೆ ತೋರಿಸಿದ್ದೀರಾ?" ಆ ಮೂರಕ್ಷರವನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಫಿಸಿಕಲ್ ಮೆಡಿಸಿನ್ ಆ್ಯಂಡ್ ರಿಹ್ಯಾಬಿಲಿಟೇಶನ್. ಎಂಬಿಬಿಎಸ್ ಮುಗಿಸಿದ ಮೇಲೆ ಮೂರು ವರ್ಷ ಇದನ್ನೇ ಓದಿ ಎಂ.ಡಿ. ಅಥವಾ ಡಿ.ಎನ್‌.ಬಿ. ಪಡೆದ ವೈದ್ಯರು ಇವರು. ಇಂಗ್ಲಿಷಿನಲ್ಲಿ ಇವರನ್ನು ಫಿಸಿಯಾಟ್ರಿಸ್ಟ್ ಎನ್ನುತ್ತಾರೆ. ಈ ಹೆಸರು ಹಿಡಿದು ಹುಡುಕಲು ಹೊರಟಾಗಲೇ ನಮ್ಮ ತೊಡಕು ಶುರುವಾದದ್ದು. ಒಂದು ಆಸ್ಪತ್ರೆಯ ಕೌಂಟರಿನಲ್ಲಿ ನಾನು ಫಿಸಿಯಾಟ್ರಿಸ್ಟ್ ಎಂದದ್ದು ಸೈಕಿಯಾಟ್ರಿಸ್ಟ್ ಎಂದು ಕೇಳಿಸಿ ಮನೋವೈದ್ಯರ ಚೀಟಿ ಕೊಟ್ಟರು. ಇನ್ನೊಂದು ಕಡೆ ನೆಲಮಾಳಿಗೆಯ ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಕನ್ನಡದಲ್ಲಾದರೂ ಹೇಳೋಣವೆಂದರೆ "ಪುನರ್ವಸತಿ" ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನಕ್ಕೆ ನೆನಪಾಗುವುದು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳು, ಇಲ್ಲವೇ ಕುಡಿತ ಬಿಡಿಸುವ ಕೇಂದ್ರ. ಮಾತಿಗೆ ಅಷ್ಟು ಹಳೆಯ ಅರ್ಥಗಳು ಅಂಟಿಕೊಂಡಿವೆ. ಆದರೂ ನನಗೆ ಆ ಪದದ ಮೇಲೆ ಸಿಟ್ಟಿಲ್ಲ. ಮುಳುಗಿದ ಮನೆಯಿಂದ ಎದ್ದು ಬಂದವರು ಹೊಸ ಜಾಗದಲ್ಲಿ ಒಲೆ ಹೂಡುತ್ತಾರಲ್ಲ, ನಮ್ಮ ಅಣ್ಣ ಮಾಡಬೇಕಾಗಿದ್ದೂ ಅದನ್ನೇ, ತನ್ನದೇ ಮೈಯೊಳಗೆ.

ಹಾಗಾಗಿ ನೀವು ಕೌಂಟರಿನಲ್ಲಿ ಬಿಡಿಸಿ ಕೇಳಿ: ಪಿ-ಎಂ-ಆರ್ ವಿಭಾಗ ಇದೆಯೇ? ಅಲ್ಲಿ ಎಂ.ಡಿ. ಮಾಡಿದ ವೈದ್ಯರು ಇದ್ದಾರೆಯೇ? ಬೋರ್ಡಿನ ಮೇಲೆ "ರಿಹ್ಯಾಬಿಲಿಟೇಶನ್ ಮೆಡಿಸಿನ್", "ನ್ಯೂರೋ ರಿಹ್ಯಾಬ್", "ಫಿಸಿಕಲ್ ಮೆಡಿಸಿನ್" ಹೀಗೆ ಯಾವ ಹೆಸರೂ ಇರಬಹುದು. ಹೆಸರಿನ ಮುಂದಿನ ಡಿಗ್ರಿಯನ್ನು ನೋಡಿ. ಹಿರಿಯ ವೈದ್ಯರಾದರೆ ಡಿ.ಪಿ.ಎಂ.ಆರ್. ಎಂಬ ಡಿಪ್ಲೊಮಾ ಇರಬಹುದು. ಅನುಮಾನವಿದ್ದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಹಾಕಿ ಯಾರು ಬೇಕಾದರೂ ಹುಡುಕಬಹುದು. ಕೇಳಲು ಸಂಕೋಚ ಬೇಡ. ಮಗಳಿಗೆ ಗಂಡು ನೋಡುವಾಗ ಮೂರು ಊರು ವಿಚಾರಿಸುವವರು ನಾವು.

ಒಂದು ಮಾತು ಸ್ಪಷ್ಟವಾಗಲಿ. ಫಿಸಿಯೋಥೆರಪಿಸ್ಟರು ಕಡಿಮೆ, ಪಿಎಂಆರ್ ವೈದ್ಯರು ಹೆಚ್ಚು ಎಂದು ನಾನು ಹೇಳುತ್ತಿಲ್ಲ. ಅಣ್ಣನನ್ನು ದಿನಕ್ಕೆ ಎರಡು ಹೊತ್ತು ಬೆವರಿಳಿಸಿ ದುಡಿಸಿದವರು ಫಿಸಿಯೋಥೆರಪಿಸ್ಟರೇ. ಆದರೆ ಬಿಗಿತಕ್ಕೆ ಔಷಧಿ ಬರೆಯುವುದು, ಮೂತ್ರಕೋಶದ ಒತ್ತಡ ಅಳೆಸುವುದು, ಯಾವ ಎಲುಬು ಭಾರ ತಡೆಯುತ್ತದೆ, ಯಾವಾಗ ಕೂರಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ವೈದ್ಯರ ಹೊಣೆ. ನಮ್ಮ ಮನೆಗೆ ಬರುತ್ತಿದ್ದ ಹುಡುಗ ಆ ಹೊಣೆಯನ್ನೂ ಒಬ್ಬನೇ ಹೊರಬೇಕಾಗಿತ್ತು. ಅದು ಅವನಿಗೂ ಅನ್ಯಾಯ.

ಹುಡುಕಿ ಹುಡುಕಿ ಕೊನೆಗೆ ನಮಗೆ ಸಿಕ್ಕ ಪಿಎಂಆರ್ ಡಾಕ್ಟರು ಮೊದಲ ದಿನ ಏನು ಮಾಡಿದರು ಎಂದು ಹೇಳುತ್ತೇನೆ, ಏಕೆಂದರೆ ಒಳ್ಳೆಯವರನ್ನು ಗುರುತಿಸಲು ನಿಮಗೆ ಅದು ಬೇಕಾಗುತ್ತದೆ. ನಾನು ಎಂಆರ್‌ಐ ಕವರು ಮುಂದೆ ಹಿಡಿದೆ. ಅವರು ಅದನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಅಣ್ಣನ ಸ್ಟ್ರೆಚರಿನ ಹತ್ತಿರ ಎಳೆದುಕೊಂಡು, ಅವನ ಕಣ್ಣಿನ ಮಟ್ಟಕ್ಕೆ ಕೂತರು. "ನಿಮ್ಮ ಮನೆಯಲ್ಲಿ ಪಾಯಿಖಾನೆ ಎಲ್ಲಿದೆ?" ಎಂದರು. ಅಂಗಳ ದಾಟಿ ಎಂದ ಅಣ್ಣ. ಎಷ್ಟು ಮೆಟ್ಟಿಲು? ಬಾಗಿಲು ಎಷ್ಟು ಅಗಲ? ಬೀಳುವ ಮೊದಲು ದಿನವಿಡೀ ಏನು ಕೆಲಸ ಮಾಡುತ್ತಿದ್ದಿರಿ? ಈಗ ಮೊದಲು ಯಾವುದು ಕೈಗೆ ಬಂದರೆ ನಿಮಗೆ ಸಮಾಧಾನ? ಏಳು ತಿಂಗಳಲ್ಲಿ ಅಣ್ಣನನ್ನೇ ಕೇಳಿದ ಮೊದಲ ಡಾಕ್ಟರು ಅವರು; ಅದುವರೆಗೂ ಎಲ್ಲರೂ ನನ್ನನ್ನು ಕೇಳುತ್ತಿದ್ದರು. ಅಣ್ಣ ತುಂಬ ಹೊತ್ತು ಸುಮ್ಮನಿದ್ದು ಹೇಳಿದ: "ತಂಗಿ ಕೈಲಿ ತೊಳೆಸಿಕೊಳ್ಳೋದು ತಪ್ಪಬೇಕು." ಡಾಕ್ಟರು ಅದನ್ನು ಅದೇ ಮಾತಿನಲ್ಲಿ ಫೈಲಿನಲ್ಲಿ ಬರೆದುಕೊಂಡರು.

ಆಮೇಲೆ ಬಟ್ಟೆ ಸರಿಸಿ ಮೈಯ ಪ್ರತಿ ಅಂಗುಲ ನೋಡಿದರು. ನಡೆಯುವ ವಿಷಯ ನಾನೇ ಕೇಳಿದೆ. "ಇಷ್ಟು ತಿಂಗಳಾದ ಮೇಲೂ ಸ್ಪರ್ಶ, ಚಲನೆ ಎರಡೂ ಪೂರ್ತಿ ಇಲ್ಲದಿರುವುದರಿಂದ ಮೊದಲಿನಂತೆ ನಡೆಯುವ ಸಾಧ್ಯತೆ ಬಹಳ ಕಡಿಮೆ" ಎಂದರು, ನೇರವಾಗಿ, ಮೆಲುದನಿಯಲ್ಲಿ. ಅಣ್ಣ ಅತ್ತ. ನಾನೂ ಅತ್ತೆ. ಆದರೆ ಆ ಸತ್ಯದ ಮೇಲೆ ಮಾರನೆಯ ದಿನದಿಂದ ಕೆಲಸ ಕಟ್ಟಲು ಸಾಧ್ಯವಾಯಿತು. ಅದುವರೆಗೆ ನಾವು ಕಟ್ಟಿದ್ದೆಲ್ಲ "ದೇವರು ದೊಡ್ಡವನು, ಎದ್ದು ನಡೀತಾನೆ" ಎಂಬ ನೆಂಟರ ಮಾತಿನ ಮೇಲೆ.

ಒಂಬತ್ತು ವಾರ ಆ ಡಾಕ್ಟರ ವಿಭಾಗದಲ್ಲೇ ಇದ್ದೆವು. ಹುಣ್ಣು ಮೊದಲು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ರಾತ್ರಿಯೂ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್ಮನ್ ಎಂಬ ವೈದ್ಯರು ಬೆನ್ನುಹುರಿ ಮುರಿದ ಸೈನಿಕರಿಗೆ ಇದೇ ಮಗ್ಗುಲು ಬದಲಿಸುವ ಶಿಸ್ತು ತಂದು, ಸಾಯುತ್ತಾರೆಂದು ಕೈಬಿಟ್ಟವರನ್ನು ಉಳಿಸಿದರಂತೆ. ಅವರ ವಾರ್ಡಿನ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದವು. ನಮ್ಮ ಮನೆಯಲ್ಲಿ ಅಲಾರಾಂ ಇಟ್ಟುಕೊಂಡು ಇಷ್ಟು ಮಾಡಿದ್ದರೆ ಅಣ್ಣನಿಗೆ ಹುಣ್ಣೇ ಆಗುತ್ತಿರಲಿಲ್ಲವೇನೋ. ಯಾರೂ ಹೇಳಿರಲಿಲ್ಲ.

ಮೂತ್ರದ ಕತೆ ಅದಕ್ಕಿಂತ ದೊಡ್ಡದು. ಬೆನ್ನುಹುರಿಗೆ ಏಟು ಬಿದ್ದವರಲ್ಲಿ ಹಿಂದಿನ ಕಾಲಕ್ಕೆ ಎಷ್ಟೋ ಜನ ಸಾಯುತ್ತಿದ್ದದ್ದು ಕಿಡ್ನಿ ಹಾಳಾಗಿ. ಒಳಗೆ ಒತ್ತಡ ಏರಿದ ಮೂತ್ರ ಹಿಂದಕ್ಕೆ ಹೊಡೆದು ಸದ್ದಿಲ್ಲದೆ ಕಿಡ್ನಿಯನ್ನು ತಿನ್ನುತ್ತದೆ. ಅಲ್ಲಿ ಒತ್ತಡ ಅಳೆದು ನೋಡಿ, ಖಾಯಂ ನಳಿಕೆ ತೆಗೆದು, ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳ್ಳಗಿನ ನಳಿಕೆಯನ್ನು ತಾನೇ ಹಾಕಿ ಮೂತ್ರ ತೆಗೆದು ಹಿಂದಕ್ಕೆ ಎಳೆದುಕೊಳ್ಳುವುದನ್ನು ಅಣ್ಣನಿಗೆ ಕಲಿಸಿದರು. ಮೊದಲ ದಿನ ಅವನ ಕೈ ನಡುಗಿತು. ಎರಡನೆಯ ವಾರಕ್ಕೆ ನನ್ನನ್ನು ಕೋಣೆಯಿಂದ ಆಚೆ ಕಳಿಸಿದ. ತಿಂಗಳ ಜ್ವರ ಬರುವುದು ನಿಂತಿತು. ಮಲವಿಸರ್ಜನೆಗೂ ದಿನದ ಒಂದೇ ಹೊತ್ತು ಗೊತ್ತುಮಾಡಿ ಅಭ್ಯಾಸ ಮಾಡಿಸಿದರು. ಇಂಥವನ್ನು ಬರೆಯಬಾರದು ಎಂದು ಮನೆಯಲ್ಲಿ ಕೆಲವರು ಹೇಳಿದರು. ಅಣ್ಣ ಬರೆ ಎಂದ. ಜನ ಕೇಳಲು ನಾಚುವುದು ಇದನ್ನೇ, ಮನುಷ್ಯನನ್ನು ಕೋಣೆಯೊಳಗೆ ಕೂಡಿಹಾಕುವುದೂ ಇದೇ.

ಇನ್ನುಳಿದದ್ದು ತೋಳಿನ ಬಲ, ಮಂಚದಿಂದ ಗಾಲಿಕುರ್ಚಿಗೆ ಹಲಗೆಯ ಮೇಲೆ ಜಾರುವುದು, ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಮೈ ಎತ್ತುವುದು, ಕನ್ನಡಿ ಹಿಡಿದು ತನ್ನ ಚರ್ಮ ತಾನೇ ನೋಡಿಕೊಳ್ಳುವುದು. ಗಾಲಿಕುರ್ಚಿಯನ್ನು ಅಂಗಿ ಹೊಲಿಸುವಂತೆ ಸೊಂಟದಳತೆ, ತೊಡೆಯಳತೆ ತೆಗೆದು ಮಾಡಿಸಬೇಕು ಎಂದು ನಮಗೆ ಅಲ್ಲಿಯೇ ಗೊತ್ತಾದದ್ದು. ದಾನಿಗಳು ಕೊಟ್ಟಿದ್ದ ದೊಡ್ಡ ಕುರ್ಚಿಯಲ್ಲಿ ಅಣ್ಣ ಅಷ್ಟು ದಿನ ಒಂದು ಕಡೆಗೆ ವಾಲಿಕೊಂಡೇ ಇದ್ದ.

ಆಕ್ಯುಪೇಶನಲ್ ಥೆರಪಿಸ್ಟ್ ಹುಡುಗಿಯೊಬ್ಬಳು ಅಡಿಕೆ ಸುಲಿಯುವುದು ಹೇಗೆ ಎಂದು ಫೋನಿನಲ್ಲಿ ವಿಡಿಯೋ ತರಿಸಿ ನೋಡಿದಳು. ಮೆಟ್ಟುಗತ್ತಿಯ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿಯುವ ಬದಲು ಎತ್ತರದ ಮೇಜಿಗೆ ಬಿಗಿದು, ತೊಡೆಯ ಮೇಲೆ ದಪ್ಪ ಚರ್ಮದ ಹೊದಿಕೆ ಹಾಕಿಕೊಳ್ಳಬೇಕೆಂದು ತೋರಿಸಿದಳು, ಕತ್ತಿ ತಾಗಿದರೂ ಅವನಿಗೆ ತಿಳಿಯುವುದಿಲ್ಲವಲ್ಲ. ಆ ಸುಗ್ಗಿಯಲ್ಲಿ ಅಣ್ಣ ಅಂಗಳದಲ್ಲಿ ಎಲ್ಲರ ಜೊತೆ ಕೂತು ಅಡಿಕೆ ಸುಲಿದ. ಅವನು ನಡೆಯಲಿಲ್ಲ. ನಡೆಯುವುದಿಲ್ಲ. ಮನೆಯ ಲೆಕ್ಕ ಈಗ ಅವನದೇ.

ಈ ವೈದ್ಯಶಾಸ್ತ್ರವನ್ನು ನಮ್ಮ ದಕ್ಷಿಣ ಭಾರತದಲ್ಲಿ ಬೇರೂರಿಸಿದವರ ಬಗ್ಗೆ ಓದಿದಾಗ ನನಗೆ ಬಹಳ ಧೈರ್ಯ ಬಂತು. ಡಾ. ಮೇರಿ ವರ್ಗೀಸ್, ಕೇರಳದವರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯೆ. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿ ಹೋಯಿತು, ಮುಖಕ್ಕೂ ಗಾಯ. ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸುತ್ತಿದ್ದ ಸರ್ಜನ್ ಪಾಲ್ ಬ್ರ್ಯಾಂಡ್ ಅವರ ಒತ್ತಾಸೆಯಿಂದ, ಗಾಲಿಕುರ್ಚಿಯಲ್ಲಿ ಕೂತೇ ಆ ಕೈ ಶಸ್ತ್ರಚಿಕಿತ್ಸೆಗಳನ್ನು ಮಾಡಲು ಕಲಿತರು. ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ಸ್ವಾವಲಂಬನೆಯ ತರಬೇತಿ ಪಡೆದರು. ಅಲ್ಲಿಂದ ಮುಂದೆ ನ್ಯೂಯಾರ್ಕಿನಲ್ಲಿ, ಎರಡನೆಯ ಮಹಾಯುದ್ಧದ ಗಾಯಾಳುಗಳ ಜೊತೆ ದುಡಿದು ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಓದಿದರು. ಹಿಂದಿರುಗಿ ವೆಲ್ಲೂರಿನಲ್ಲಿ ಪಿಎಂಆರ್ ವಿಭಾಗ ಕಟ್ಟಿದರು; 1966ರಲ್ಲಿ ಪುನಶ್ಚೇತನ ಕೇಂದ್ರ ತೆರೆಯಿತು. ಆ ಕೇಂದ್ರಕ್ಕೆ ಇವತ್ತು ಅವರದೇ ಹೆಸರು. 1972ರಲ್ಲಿ ಪದ್ಮಶ್ರೀ ಬಂತು. ರೋಗಿಯ ಮಂಚದಲ್ಲಿ ಮಲಗಿ ಛಾವಣಿ ನೋಡಿದವರೇ ಡಾಕ್ಟರಾಗಿ ಅದೇ ಮಂಚದ ಪಕ್ಕಕ್ಕೆ ಬಂದು ನಿಂತರು. ಅಣ್ಣನಿಗೆ ಈ ಕತೆ ಹೇಳಿದ ರಾತ್ರಿ ಅವನು ಎರಡು ಸಲ ಹೇಳಿಸಿಕೊಂಡ.

ಇನ್ನು ಎಲ್ಲಿ ಹುಡುಕಬೇಕು ಎನ್ನುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳಿಗೆಂದೇ ನ್ಯೂರಾಲಾಜಿಕಲ್ ರಿಹ್ಯಾಬಿಲಿಟೇಶನ್ ವಿಭಾಗವಿದೆ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಪಿಎಂಆರ್ ವಿಭಾಗವಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ವೆಲ್ಲೂರು ದೂರವಲ್ಲ. ಬೆಳಗಾವಿ, ವಿಜಯಪುರದವರು ಮುಂಬೈಗೆ ಹೋಗಿ ಬರುವುದು ಇದ್ದದ್ದೇ. ಅಲ್ಲಿ ಹಾಜಿ ಅಲಿಯ ಹತ್ತಿರ 1955ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ, ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕಲ್ ಮೆಡಿಸಿನ್ ಆ್ಯಂಡ್ ರಿಹ್ಯಾಬಿಲಿಟೇಶನ್, ಇದೇ ಕೆಲಸಕ್ಕೆ ಮೀಸಲು. ಕರಾವಳಿಯವರು ಕೇರಳದತ್ತ ನೋಡಬಹುದು, ಕೋಯಿಕ್ಕೋಡಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಈ ವಿಭಾಗ ಇದೆ. ನಿಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜಿನಲ್ಲೂ ಒಮ್ಮೆ ವಿಚಾರಿಸಿ, ಹೊಸದಾಗಿ ಯಾರಾದರೂ ಬಂದಿರಬಹುದು. ಈ ವೈದ್ಯರ ಸಂಖ್ಯೆ ನಮ್ಮಲ್ಲಿ ಬಹಳ ಕಡಿಮೆ, ಅದರಲ್ಲೂ ಹೆಚ್ಚಿನವರು ದೊಡ್ಡ ಪೇಟೆಗಳಲ್ಲೇ. ಇದು ಸರ್ಕಾರ ಉತ್ತರ ಕೊಡಬೇಕಾದ ವಿಷಯ, ಅದನ್ನು ಬೇರೆಯಾಗಿಯೇ ಬರೆಯುತ್ತೇನೆ.

ದೂರವೆಂದು ಕೈಬಿಡಬೇಡಿ. ತಿಂಗಳುಗಟ್ಟಲೆ ಅಲ್ಲೇ ಇರಲಾಗದಿದ್ದರೂ ಒಂದು ಸಲ ಹೋಗಿ, ಪೂರ್ತಿ ತಪಾಸಣೆ ಮಾಡಿಸಿ, ಊರಿನ ಫಿಸಿಯೋಥೆರಪಿಸ್ಟರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆಸಿಕೊಂಡು ಬನ್ನಿ. ಆಮೇಲೆ ಮೂರು ತಿಂಗಳಿಗೊಮ್ಮೆ ಹೋದರೂ ನಡೆಯುತ್ತದೆ, ನಡುವೆ ಫೋನಿದೆ. ಹೋಗುವಾಗ ಮನೆಯ ಮೆಟ್ಟಿಲು, ಬಚ್ಚಲು, ಪಾಯಿಖಾನೆಯ ಫೋಟೋ ತೆಗೆದುಕೊಳ್ಳಿ. ಬಾಗಿಲುಗಳ ಅಗಲ ಟೇಪಿನಲ್ಲಿ ಅಳೆದುಕೊಳ್ಳಿ. ರೋಗಿ ಹೊರಳುವುದು, ಏಳಲು ಪ್ರಯತ್ನಿಸುವುದು, ಉಣ್ಣುವುದು ಇವುಗಳ ವಿಡಿಯೋ ಇರಲಿ. ಮೂರು ದಿನ ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಎಂಆರ್‌ಐ ಕವರಿಗಿಂತ ಇವೇ ಹೆಚ್ಚು ಕೆಲಸಕ್ಕೆ ಬಂದವು ನಮಗೆ.

ಲಕ್ವದವರ ಮನೆಯವರಿಗೆ ಬೇರೆ ಎರಡು ಮಾತು. ನಮ್ಮ ದೊಡ್ಡಪ್ಪನಿಗೆ ಎಡಭಾಗ ಹೋದಾಗ ಆರೈಕೆಗೆ ನಿಂತವಳು ನಾನೇ, ಹಾಗಾಗಿ ಹೇಳುತ್ತಿದ್ದೇನೆ. ಬಿದ್ದುಹೋದ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ. ಭುಜದ ಕೀಲು ಸಡಿಲವಾಗಿರುತ್ತದೆ, ಜಾರುತ್ತದೆ, ಆಮೇಲಿನ ನೋವು ವರ್ಷಗಟ್ಟಲೆ ಕಾಡುತ್ತದೆ. ಬಿಗಿಯುತ್ತಿರುವ ಮುಷ್ಟಿಗೆ ರಬ್ಬರ್ ಚೆಂಡು ಕೊಟ್ಟು ಹಿಸುಕಿಸುವ ಮುಂಚೆ ಕೇಳಿ, ಎಷ್ಟೋ ಸಲ ಅದು ಬಿಗಿತವನ್ನೇ ಹೆಚ್ಚಿಸುತ್ತದೆ. ಬಿಗಿತಕ್ಕೆ ಮಾತ್ರೆಗಳಿವೆ, ಆಯ್ದ ಸ್ನಾಯುಗಳಿಗೆ ಕೊಡುವ ಬೊಟುಲಿನಮ್ ಚುಚ್ಚುಮದ್ದಿದೆ, ಎಳೆಯುವ ಪಾದಕ್ಕೆ ಚಪ್ಪಲಿಯೊಳಗೆ ಹೊಂದುವ ಹಗುರ ಪಟ್ಟಿಯಿದೆ. ನೀರು ಕುಡಿಯುವಾಗ ಕೆಮ್ಮು ಬಂದರೆ ನುಂಗುವುದನ್ನು ಪರೀಕ್ಷಿಸಬೇಕು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಅದಕ್ಕೇ ಕಾಯಬೇಡಿ ಎನ್ನುವುದು. ಮೂರು ತಿಂಗಳು ದಾಟಿದ್ದರೆ ಬಾಗಿಲು ಮುಚ್ಚಿತು ಎಂದೂ ಅಲ್ಲ. ದೊಡ್ಡಪ್ಪ ತಾನೇ ಗುಂಡಿ ಹಾಕಿಕೊಂಡದ್ದು ವರ್ಷದ ಮೇಲೆ.

"ನಡೆಸಿಯೇ ಕಳಿಸುತ್ತೇವೆ" ಎಂದು ಮೊದಲ ಭೇಟಿಯಲ್ಲೇ ಮಾತು ಕೊಡುವವರಿಂದ ದೂರವಿರಿ. ಬೆನ್ನುಹುರಿಗೆ ಸ್ಟೆಮ್ ಸೆಲ್ ಚುಚ್ಚುತ್ತೇವೆಂದು ಲಕ್ಷಗಳಲ್ಲಿ ಕೇಳುವವರು ನಮ್ಮ ಮನೆಗೂ ಫೋನು ಮಾಡಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಇಂಥ ತೊಂದರೆಗಳಿಗೆ ಅದು ಅನುಮತಿ ಪಡೆದ ಪ್ರಯೋಗಗಳ ಒಳಗೆ ಮಾತ್ರ ನಡೆಯಬೇಕು, ಹಣ ಪಡೆದು ಮಾಡುವ ಚಿಕಿತ್ಸೆಯಲ್ಲ. ತೋಟ ಮಾರುವ ಮುಂಚೆ ಇದನ್ನು ನೆನಪಿಡಿ. ನಾವು ಒಂದು ತುಂಡು ಮಾರುವುದರಲ್ಲಿದ್ದೆವು.

ಕಾಗದಪತ್ರದ ಕೆಲಸವನ್ನೂ ಮುಂದೂಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಗಳ ದಾರಿ ತೆರೆಯುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಇವರೂ ಇದ್ದಾರೆ ಎಂದು ನಮಗೆ ಗೊತ್ತಾದದ್ದು ಎರಡನೆಯ ವರ್ಷ. ಕೃತಕ ಕಾಲು, ಕ್ಯಾಲಿಪರ್, ಗಾಲಿಕುರ್ಚಿಗೆ ಬೆಂಗಳೂರಿನ ಮೊಬಿಲಿಟಿ ಇಂಡಿಯಾ, ದಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಂಥ ಸಂಸ್ಥೆಗಳನ್ನು ವಿಚಾರಿಸಬಹುದು. ಅಂಗವಿಕಲರಿಗಾಗಿ ದುಡಿದು ಅನುಭವವಿರುವ ಸಂಸ್ಥೆಗಳು ಅವು.

ಇವತ್ತು ಆಂಬುಲೆನ್ಸ್ ಹತ್ತುವ ಮುಂಚೆ ವಾರ್ಡಿಗೆ ಒಮ್ಮೆ ಹಿಂದಿರುಗಿ. ನಿಮ್ಮ ಸರ್ಜನ್ನರನ್ನೋ ನರರೋಗ ತಜ್ಞರನ್ನೋ ಕೇಳಿ ಪಿಎಂಆರ್ ವೈದ್ಯರ ಹೆಸರಿಗೆ ಒಂದು ರೆಫರೆನ್ಸ್ ಬರೆಸಿಕೊಳ್ಳಿ. ಕೇಳಿದರೆ ಬೈಯುವುದಿಲ್ಲ, ಹೆಚ್ಚಿನವರು ಬರೆದುಕೊಡುತ್ತಾರೆ.

ಪತ್ರ ಮುಗಿಸುವಾಗ ಅಣ್ಣನಿಗೆ ಓದಿ ಹೇಳಿದೆ. ಮೇಜಿನ ಮೇಲಿದ್ದ ಅಡಿಕೆಯನ್ನು ಪಕ್ಕಕ್ಕೆ ಸರಿಸಿ ಪೂರ್ತಿ ಕೇಳಿದ. ಡಾಕ್ಟರು ಸಿಗುವುದಕ್ಕೆ ದಿನ ಹಿಡಿಯಬಹುದು, ಅಷ್ಟರೊಳಗೆ ಮಾಡಬೇಕಾದ ಒಂದನ್ನು ಕೊನೆಗೆ ಸೇರಿಸು ಎಂದ. ಸೇರಿಸುತ್ತಿದ್ದೇನೆ: ಇವತ್ತು ರಾತ್ರಿ ದೀಪ ಆರಿಸುವ ಮುಂಚೆ ನಿಮ್ಮವರನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಟಾರ್ಚ್ ಹಿಡಿದು ಬಾಲದ ಎಲುಬು, ಪೃಷ್ಠ, ಹಿಮ್ಮಡಿ ನೋಡಿ. ಎಲ್ಲಾದರೂ ಚರ್ಮದ ಬಣ್ಣ ಕೆಂಪಗೋ ಕಪ್ಪಗೋ ತಿರುಗಿದ್ದು, ಒತ್ತಿ ಬಿಟ್ಟರೂ ಆ ಬಣ್ಣ ಹೋಗದಿದ್ದರೆ, ಆ ಮಗ್ಗುಲಲ್ಲಿ ಮತ್ತೆ ಮಲಗಿಸಬೇಡಿ. ಎರಡು ಗಂಟೆಗೊಮ್ಮೆ ಹೊಡೆಯುವಂತೆ ಅಲಾರಾಂ ಇಡಿ.

ನಿಮ್ಮ,
ಅಡಿಕೆ ತೋಟದ ಮನೆಯ ಒಬ್ಬ ತಂಗಿ